ಅಂಟು ಹಾಕಿದ ಬೀಸೋಕಲ್ಲು

ಹೋದ ವರ್ಷ ವೈಟ್‌ಫೀಲ್ಡಿನ ಒಂದು ಟೆಕ್ ಪಾರ್ಕಿನ ಲಾಬಿಗೆ ಒಂದು ಕಲಾಕೃತಿ ಬಂತು. ಹನ್ನೊಂದು ಬೀಸೋಕಲ್ಲು, ಮೂರು ಒರಳು, ಗೋಡೆ ತುಂಬ ಸುಳಿಯಾಕಾರದಲ್ಲಿ ಜೋಡಿಸಿದ ಮೊರಗಳು, ಮೇಲಿನಿಂದ ಇಳಿಬಿಟ್ಟ ಒನಕೆಗಳು. ಒಂದೊಂದರ ಮೇಲೂ ಪುಟ್ಟ ದೀಪದ ಬೆಳಕು. ಅದರ ಪಕ್ಕದ ಫಲಕಗಳಿಗೆ ಕನ್ನಡದಲ್ಲಿ ನಾಲ್ಕು ನಾಲ್ಕು ಸಾಲು ಬರೆದುಕೊಡುವ ಕೆಲಸ ನನಗೆ ಸಿಕ್ಕಿತು. ಹೆಣ್ಣುಮಕ್ಕಳ ಬೀಸುವ ಹಾಡುಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದಾಳೆ ಎಂದು ಯಾರೋ ಹೇಳಿ ಕೊಡಿಸಿದ್ದರು. ಫೆಲೋಶಿಪ್ ಹಣ ಬರದೆ ನಾಲ್ಕು ತಿಂಗಳಾಗಿತ್ತು. ಒಪ್ಪಿಕೊಂಡೆ.

ನೋಡಲು ಹೋದ ದಿನ ಲಾಬಿಯಲ್ಲಿ ಹೌಸ್‌ಕೀಪಿಂಗ್‌ನ ಒಬ್ಬ ಹೆಂಗಸು ನೆಲ ಒರೆಸುತ್ತಿದ್ದರು. ರಾಯಚೂರು ಕಡೆಯವರು. ನಾನು ನೋಟ್‌ಬುಕ್ ಹಿಡಿದು ನಿಂತಿದ್ದನ್ನು ಕಂಡು ಹತ್ತಿರ ಬಂದರು. ಆಚೀಚೆ ನೋಡಿ, ಒಂದು ಬೀಸೋಕಲ್ಲಿನ ಹಿಡಿಗೆ ಕೈಹಾಕಿ ತಿರುಗಿಸಲು ನೋಡಿದರು. ಅಲುಗಲಿಲ್ಲ. ಮೇಲಿನ ಕಲ್ಲನ್ನು ಕೆಳಗಿನ ಕಲ್ಲಿಗೆ ಅಂಟು ಹಾಕಿ ಕೂರಿಸಿದ್ದರು. ಯಾರಾದರೂ ಎತ್ತಿ ಕಾಲಮೇಲೆ ಹಾಕಿಕೊಂಡರೆ ಕಷ್ಟ, ಸೇಫ್ಟಿ ಎಂದು ಆಮೇಲೆ ತಿಳಿಯಿತು.

"ಇದು ತಿರಗಂಗಿಲ್ಲೇನ್ರಿ ಮೇಡಂ?"

"ಇಲ್ಲ ಅಕ್ಕ, ಅಂಟಿಸಿದ್ದಾರೆ."

"ತಿರಗಂಗಿಲ್ಲಂದ್ರ ಇದು ಬೀಸೋ ಕಲ್ಲು ಹೆಂಗಾಗ್ತದ್ರಿ?"

ಈ ಬರಹ ಆ ಪ್ರಶ್ನೆಯನ್ನು ಮುಂದುವರಿಸುವುದಕ್ಕಾಗಿ. ಅದಕ್ಕಿಂತ ಒಳ್ಳೆಯ ಕಲಾವಿಮರ್ಶೆ ನನ್ನಿಂದ ಆಗುವುದಿಲ್ಲ.

ಅವತ್ತು ರಾತ್ರಿ ಕೂತು ಫಲಕಗಳನ್ನು ಬರೆದೆ. ಬೀಸೋಕಲ್ಲಿಗೆ ಬರೆದದ್ದು ಹೀಗಿತ್ತು: ಇದರ ಮೇಲಿನ ಕಲ್ಲು ತಿರುಗಬೇಕು, ನಡುವಿನ ಬಾಯಿಗೆ ಒಂದು ಕೈ ಕಾಳು ಹಾಕುತ್ತಿರಬೇಕು, ಇನ್ನೊಂದು ಕೈ ನಿಲ್ಲದೆ ತಿರುಗಿಸುತ್ತಿರಬೇಕು. ಇಂಥ ಕಲ್ಲು ಕಡಿದುಕೊಟ್ಟವರು ಭೋವಿಗಳು. ಬೀಸಿದವರು ಹೆಂಗಸರು, ದಿನವೂ, ಬೆಳಗಿನ ಜಾವ. ಅವರಿಗೆ ರಟ್ಟೆ ನೋವು ಬರುತ್ತಿತ್ತು.

ಎರಡು ದಿನದ ಮೇಲೆ ಉತ್ತರ ಬಂತು. "ತುಂಬಾ ಹೆವಿ ಆಯ್ತು, ಸ್ವಲ್ಪ ಪಾಸಿಟಿವ್ ಆಗಿರಲಿ, ಜಾತಿ ವಿಷಯ ಬೇಡ." ಹೆವಿ ಆಯ್ತಂತೆ! ಕಲ್ಲಿನ ಬಗ್ಗೆ ಬರೆದಿದ್ದೆನಲ್ಲ. ಕೊನೆಗೆ ಗೋಡೆಯ ಮೇಲೆ ಬಂದದ್ದು ಬೇರೆಯೇ: ಅಜ್ಜಿಯ ಕೈತುತ್ತಿನ ನೆನಪು, ನಿಧಾನದ ಬದುಕಿನ ಸೊಬಗು, ನಮ್ಮ ಬೇರುಗಳ ಹಾಡು. ಭೋವಿಗಳು ಹೋದರು, ಬೆಳಗಿನ ಜಾವ ಹೋಯಿತು, ರಟ್ಟೆಯೂ ಹೋಯಿತು. ಕಲ್ಲು ಉಳಿಯಿತು.

ಒಂದು ಫಲಕದ ಜಗಳವಾಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಹೊರಬೆಂಗಳೂರಿನ ಈ ಪಟ್ಟಿಯಲ್ಲಿ, ವೈಟ್‌ಫೀಲ್ಡಿನಿಂದ ಎಲೆಕ್ಟ್ರಾನಿಕ್ ಸಿಟಿಯವರೆಗೆ, ಹಳೆಯ ಮನೆಯ ಸಾಮಾನು ಈಗ ಎಲ್ಲೆಲ್ಲೂ ಅಲಂಕಾರವಾಗಿದೆ. ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಒರಳಿಗೆ ನೀರು ತುಂಬಿ ಹೂವಿನ ಎಸಳು ತೇಲಿಬಿಡುತ್ತಾರೆ. ಹೋಟೆಲಿನ ಬಾಗಿಲಲ್ಲಿ ಹಿತ್ತಾಳೆ ಹಂಡೆ ಕೂತಿರುತ್ತದೆ. ಸೇರು, ಪಾವು, ಕಡಗೋಲು, ಶಾವಿಗೆ ಒರಳು ಎಲ್ಲಕ್ಕೂ ಮೆರುಗು ಹಚ್ಚಿ, ದೀಪ ಬಿಟ್ಟು, 'ಪರಂಪರೆ' ಎಂದು ಹೆಸರಿಡುತ್ತಾರೆ. ಇದರ ಬಗ್ಗೆ ನನ್ನ ಮಾತು ಇಷ್ಟೇ: ಉಪಕರಣವನ್ನು ಇಟ್ಟುಕೊಂಡು ಕೈಯನ್ನು ಅಳಿಸುವ ಕಲೆ ನೆನಪಿನ ಕಲೆಯಲ್ಲ, ಮರೆಸುವ ಕಲೆ. ಅದೂ ಆ ಕೈಗಳು ಇನ್ನೂ ಅದೇ ಕಟ್ಟಡದಲ್ಲಿ ಕೆಲಸ ಮಾಡುತ್ತಿರುವಾಗ.

ನೆನಪು ಯಾರದ್ದು ಎಂದು ಮೊದಲು ಕೇಳಬೇಕು. ನನ್ನ ಅಜ್ಜಿ ಮಾಗಡಿ ಕಡೆಯವಳು. ಮದುವೆಯಾಗಿ ಬಂದ ಮನೆಯಲ್ಲಿ ಹನ್ನೆರಡು ಜನ. ಹನ್ನೆರಡು ಜನರ ಮುದ್ದೆಗೆ ಬೇಕಾದ ರಾಗಿಯನ್ನು ಅವಳೂ ಅವಳ ಓರಗಿತ್ತಿಯೂ ನಾಲ್ಕು ಗಂಟೆಗೆದ್ದು ಎದುರುಬದುರು ಕೂತು ಬೀಸುತ್ತಿದ್ದರು. ಹಾಡು ಹೇಳುತ್ತಿದ್ದರು, ನಿಜ. ನನ್ನ ಸಂಶೋಧನೆ ನಿಂತಿರುವುದೇ ಅಂಥ ಹಾಡುಗಳ ಮೇಲೆ. ಆದರೆ ಏಕೆ ಹಾಡುತ್ತಿದ್ದಿರಿ ಎಂದು ಕೇಳಿದಾಗ ಅವಳು ಕೊಟ್ಟ ಉತ್ತರ ಯಾವ ಸೆಮಿನಾರಿನಲ್ಲೂ ನಾನು ಕೇಳಿಲ್ಲ. "ಹಾಡ್ದೆ ಇದ್ರೆ ನಿದ್ದೆ ಬಂದು ಕಲ್ಲಿನ್ ಮೇಲೇ ಬೀಳ್ತಿದ್ವಿ ಕಣವ್ವ." ಪಕ್ಕದ ಊರಿಗೆ ರಾಗಿ ಮಿಲ್ಲು ಬಂದ ದಿನ ಮನೆಯ ಹೆಂಗಸರೆಲ್ಲ ಪಾಯಸ ಮಾಡಿದ್ದರಂತೆ. ಮಿಲ್ಲಿನ ಹಿಟ್ಟು ರುಚಿಯಿಲ್ಲ, ಕಲ್ಲಲ್ಲಿ ಬೀಸಿದ್ದೇ ಚೆಂದ ಎಂದು ಗೊಣಗಿದವರು ಇಬ್ಬರು. ನನ್ನ ತಾತ ಮತ್ತು ಅವರ ತಮ್ಮ. ಇಬ್ಬರೂ ಜನ್ಮದಲ್ಲಿ ಒಂದು ಹಿಡಿ ರಾಗಿ ಬೀಸಿದವರಲ್ಲ.

ಲಾಬಿಯ ಫಲಕದಲ್ಲಿರುವುದು ತಾತನ ನೆನಪು, ಅಜ್ಜಿಯದ್ದಲ್ಲ. ಉಂಡವರ ಹಂಬಲವನ್ನು ಬೀಸಿದವರ ಬಾಯಿಗೆ ತುರುಕಿದ್ದಾರೆ. "ಆ ಕಲ್ಲು ನನ್ ರಟ್ಟೆ ತಿಂತು" ಎನ್ನುತ್ತಿದ್ದ ಅಜ್ಜಿಗೆ ಅದು ನಿಧಾನದ ಬದುಕಿನ ಸೊಬಗು ಎಂದು ಹೇಳಿದ್ದರೆ ಮೊರದಲ್ಲೇ ಹೊಡೆಯುತ್ತಿದ್ದಳು.

ಹಾಗಂತ ಯಂತ್ರ ಬಂದು ಎಲ್ಲ ಬಗೆಹರಿಯಿತು ಎಂದೂ ಅಲ್ಲ. ನನ್ನ ಅಮ್ಮ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಮಷೀನಿನ ಮುಂದೆ ಹತ್ತೊಂಬತ್ತು ವರ್ಷ ಕೂತವಳು. ಮನೆಯಲ್ಲಿ ಮಿಕ್ಸಿ ಇತ್ತು, ಗ್ಯಾಸ್ ಇತ್ತು, ಕುಕ್ಕರ್ ಇತ್ತು. ಫ್ಯಾಕ್ಟರಿ ಬಸ್ಸಿಗೆ ಮೊದಲು ನಾಷ್ಟಾ, ನಾಲ್ಕು ಡಬ್ಬಿ, ನೀರು, ಪಾತ್ರೆ ಎಲ್ಲ ಮುಗಿಯಬೇಕು. ಅಜ್ಜಿ ನಾಲ್ಕಕ್ಕೆ ಏಳುತ್ತಿದ್ದಳು, ಅಮ್ಮ ನಾಲ್ಕೂವರೆಗೆ. ಎರಡು ತಲೆಮಾರಿನ ಯಂತ್ರಗಳೆಲ್ಲ ಸೇರಿ ಉಳಿಸಿಕೊಟ್ಟದ್ದು ಅರ್ಧ ಗಂಟೆ. ಇದು ನಮ್ಮ ಮನೆಯೊಂದರ ಲೆಕ್ಕವಲ್ಲ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ನೋಡಿ. ಮನೆಯವರಿಗಾಗಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ಕೊಡುವುದು ದಿನಕ್ಕೆ 289 ನಿಮಿಷ, ಅಂಥ ಕೆಲಸ ಮಾಡುವ ಗಂಡಸರು ಕೊಡುವುದು 88 ನಿಮಿಷ. ಕಲ್ಲು ಹೋಗಿದೆ, ನಿಮಿಷ ಹೋಗಿಲ್ಲ. ಬೀಸೋಕಲ್ಲನ್ನು ಗಾಜಿನ ಕಟ್ಟಡದಲ್ಲಿಟ್ಟು 'ಹಿಂದೊಂದು ಕಾಲದಲ್ಲಿ' ಎನ್ನುವುದು ಅದಕ್ಕೇ ಸುಳ್ಳು. ಉಪಕರಣ ಹಳೆಯದಾಗಿರಬಹುದು. ಕೆಲಸ ಇವತ್ತಿನದು.

ಉಪಕರಣಕ್ಕೆ ಗೌರವ ಕೊಡುವುದು ಹೇಗೆಂದು ನಮ್ಮ ಜನಕ್ಕೆ ಗೊತ್ತಿಲ್ಲವೇ? ಆಯುಧಪೂಜೆಯ ದಿನ ಪೀಣ್ಯದ ಓಣಿಗಳಲ್ಲಿ ಒಮ್ಮೆ ನಡೆದು ನೋಡಿ. ಸಣ್ಣ ಸಣ್ಣ ಶೆಡ್ಡುಗಳಲ್ಲಿ ಲೇತು, ಡ್ರಿಲ್ಲಿಂಗ್ ಮಷೀನುಗಳ ಎಣ್ಣೆ ಜಿಡ್ಡು ತೆಗೆದು ಒರೆಸಿ, ವಿಭೂತಿ ಕುಂಕುಮ ಇಟ್ಟು, ಬಾಳೆಕಂದು ಕಟ್ಟಿರುತ್ತಾರೆ. ಗೇಟಿನ ಮುಂದೆ ಬೂದುಗುಂಬಳ ಒಡೆದು, ಬಂದವರಿಗೆಲ್ಲ ಕಡಲೆಪುರಿ ಹಂಚುತ್ತಾರೆ. ಮನೆಯಲ್ಲಿ ಅಮ್ಮ ಮಿಕ್ಸಿಗೂ ಕುಂಕುಮ ಇಡುತ್ತಾಳೆ, ಈಳಿಗೆಮಣೆಗೂ ಇಡುತ್ತಾಳೆ. ಆ ದಿನ ಲೇತ್ ಓಡಿಸುವುದಿಲ್ಲ, ಈಳಿಗೆಯಲ್ಲಿ ಏನನ್ನೂ ಹೆಚ್ಚುವುದಿಲ್ಲ. ಉಪಕರಣಕ್ಕೆ ಒಂದು ದಿನದ ರಜೆ. ಅದರ ಅರ್ಥ, ನಾಳೆ ಮತ್ತೆ ಕೆಲಸವಿದೆ ಎಂದು. ನಾಳೆ ಕೈ ಕತ್ತರಿಸಬೇಡ, ಕೆಟ್ಟು ನಿಲ್ಲಬೇಡ, ಹೊಟ್ಟೆಗೆ ಹಾಕು ಎಂದು. ಪೂಜೆಯಲ್ಲಿ ಭಯ ಇದೆ, ಲೆಕ್ಕಾಚಾರ ಇದೆ, ಬಳಸುವವರ ಕೈ ಇದೆ. ಲಾಬಿಯ ಕಲ್ಲಿಗೆ ಎಂದೆಂದಿಗೂ ರಜೆ. ನಾಳೆ ಇಲ್ಲದ ಉಪಕರಣಕ್ಕೆ ಯಾರ ಭಯವೂ ಇಲ್ಲ, ಯಾರ ಋಣವೂ ಇಲ್ಲ.

ಆಚರಣೆಗಳೆಲ್ಲ ಹೀಗೆ ಚೆಂದ ಎಂದು ನಾನು ಹೇಳುತ್ತಿಲ್ಲ. ಮದುವೆ ಮನೆಯಲ್ಲಿ ಒರಳಿಗೆ ಪೂಜೆ ಮಾಡಿ ಅರಿಶಿನ ಕುಟ್ಟುವ ಶಾಸ್ತ್ರವಿದೆಯಲ್ಲ, ಅಲ್ಲಿ ಒನಕೆ ಹಿಡಿಯುವವರು ಮುತ್ತೈದೆಯರು. ತಾತ ತೀರಿಕೊಂಡ ಮೇಲೆ ಅಜ್ಜಿ ವರ್ಷವೆಲ್ಲ ಆ ಒರಳಿನಲ್ಲಿ ಕುಟ್ಟಬಹುದಿತ್ತು, ನನ್ನ ಅತ್ತೆಯ ಮದುವೆಯ ದಿನ ಮಾತ್ರ ಒನಕೆ ಮುಟ್ಟುವ ಹಾಗಿರಲಿಲ್ಲ. ಬಾಗಿಲ ಹಿಂದೆ ನಿಂತಿದ್ದಳು. ಮೊರದ ಕಥೆಯೂ ಅಷ್ಟೇ. ಗೌರಿ ಹಬ್ಬ ಬಂದರೆ ಮೇದರು ಬೆಂಗಳೂರಿನ ರಸ್ತೆ ಬದಿಯಲ್ಲಿ ಮೊರ ಹೆಣೆದು ರಾಶಿ ಹಾಕುತ್ತಾರೆ. ಆ ಮೊರದಲ್ಲಿ ಬಾಗಿನ ಕೊಟ್ಟರೆ ಶ್ರೇಷ್ಠ. ಮೊರ ದೇವರ ಮನೆಯವರೆಗೆ ಬರುತ್ತದೆ. ಹೆಣೆದವರು ಎಷ್ಟು ಮನೆಗಳಲ್ಲಿ ಹಜಾರದವರೆಗಾದರೂ ಬಂದಿದ್ದಾರೆ? ಒಂದು ಒರಳಿನ ಸುತ್ತ ಯಾರು ಕುಟ್ಟಬೇಕು, ಯಾರು ಮುಟ್ಟಬಾರದು, ಯಾರು ಕಡಿದು ಕೊಟ್ಟು ಅಂಗಳದಿಂದಲೇ ವಾಪಸ್ ಹೋಗಬೇಕು ಎಂಬ ಕಟ್ಟಳೆಗಳೆಲ್ಲ ಸುತ್ತಿಕೊಂಡಿವೆ. ಕಲಾವಿದರಿಗೆ ಇದಕ್ಕಿಂತ ದೊಡ್ಡ ಸರಕು ಬೇಕೆ? ಆದರೆ 'ಜಾತಿ ವಿಷಯ ಬೇಡ' ಎಂದ ಮೇಲೆ ಉಳಿಯುವುದು ಕಲ್ಲಿನ ಆಕಾರ ಮಾತ್ರ.

ಕಲೆಯಿಂದ ಇದು ಆಗುವ ಕೆಲಸವಲ್ಲ, ಕಲೆ ಭಾಷಣ ಮಾಡಬೇಕೇ ಎಂದು ಕೇಳುವವರಿದ್ದಾರೆ. ಬೇಡ. ಭಾಷಣವಿಲ್ಲದೆ ಮಾಡಿದವರು ನಮ್ಮ ಊರಲ್ಲೇ ಇದ್ದಾರೆ. ಭದ್ರಾವತಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಕೆಲಸ ಮಾಡುವ ಶೀಲಾ ಗೌಡ 1990ರ ದಶಕದಲ್ಲೇ ಕ್ಯಾನ್ವಾಸು ಬಿಟ್ಟು ಸಗಣಿಯನ್ನು ಕೈಗೆತ್ತಿಕೊಂಡವರು. ಆಮೇಲೆ ಅವರ ಒಂದು ಕೃತಿಯಲ್ಲಿ ನೂರಾರು ಮೀಟರ್ ದಾರವನ್ನು ಸೂಜಿಗಳಲ್ಲಿ ಪೋಣಿಸಿ, ಕುಂಕುಮ ಬಳಿದು, ಹಗ್ಗ ಮಾಡಿದರು. ಹಗ್ಗದ ತುದಿಯಲ್ಲಿ ಸೂಜಿಗಳ ಗೊಂಚಲು ಹಾಗೇ ಇರುತ್ತದೆ. ದಾರ ಪೋಣಿಸುವ ಕೆಲಸದ ಬೇಸರವನ್ನೂ ನೋವನ್ನೂ ಫಲಕ ಓದಿ ತಿಳಿಯಬೇಕಿಲ್ಲ, ಆ ಸೂಜಿಗಳೇ ಹೇಳುತ್ತವೆ.

ನಮ್ಮ ಮಾತಿಗೆ ಇನ್ನೂ ಹತ್ತಿರದ್ದು 2012ರ ಮೊದಲ ಕೊಚ್ಚಿ-ಮುಜಿರಿಸ್ ಬಿನಾಲೆಯಲ್ಲಿ ಅವರೂ ಕ್ರಿಸ್ಟೋಫ್ ಸ್ಟೋರ್ಜ್ ಅವರೂ ಸೇರಿ ಮಾಡಿದ 'ಸ್ಟಾಪ್‌ಓವರ್' ಎಂಬ ಕೃತಿ. ಬೆಂಗಳೂರಿನಲ್ಲಿ ಹಳೆಯ ಮನೆ ಒಡೆದು ಹೊಸದು ಕಟ್ಟುವಾಗ ರುಬ್ಬುವ ಕಲ್ಲುಗಳು ಬೀದಿಗೆ ಬರುತ್ತವೆ. ಮಿಕ್ಸಿ ಇರುವ ಮನೆಗೆ ಅದು ಬೇಡ. ಒಡೆಯುವುದಕ್ಕೆ ಮನಸ್ಸು ಬರುವುದಿಲ್ಲ, ಅನ್ನ ಕೊಟ್ಟ ಕಲ್ಲು. ಹೀಗಾಗಿ ರಸ್ತೆ ಬದಿಯಲ್ಲಿ, ಮರದ ಬುಡದಲ್ಲಿ ಅನಾಥವಾಗಿ ಬಿದ್ದಿರುತ್ತವೆ. ಅಂಥ ನೂರಕ್ಕೂ ಹೆಚ್ಚು ಕಲ್ಲುಗಳನ್ನು ಕೊಚ್ಚಿಯ ಆಸ್ಪಿನ್‌ವಾಲ್ ಹೌಸಿಗೆ ಸಾಗಿಸಿದರು, ಒಂದು ಕಾಲದಲ್ಲಿ ಸರಕು ಹಡಗು ಹತ್ತುತ್ತಿದ್ದ ಜಾಗಕ್ಕೆ. ಅಲ್ಲಿ ಕಲ್ಲು ಕಲ್ಲೇ ಆಗಿತ್ತು. ಎತ್ತಲಾಗದ್ದು, ಬಿಸಾಡಲಾಗದ್ದು, ಯಾರಿಗೂ ಬೇಡದ್ದು. ಬೇಡವಾದದ್ದನ್ನು ಬೇಡವಾದದ್ದು ಎಂದೇ ತೋರಿಸುವ ಪ್ರಾಮಾಣಿಕತೆ ಆ ಕೃತಿಗಿತ್ತು. ಅದೇ ಬೆಂಗಳೂರಿನ ಅಂಥದೇ ಕಲ್ಲು ವೈಟ್‌ಫೀಲ್ಡಿನ ಲಾಬಿಗೆ ಬಂದರೆ ಪಾಲಿಶ್ ಆಗುತ್ತದೆ. ವ್ಯತ್ಯಾಸ ಇಲ್ಲಿದೆ.

ದೂರದ ಒಂದು ಉದಾಹರಣೆಯೂ ಇದೆ. ಅಮೆರಿಕದ ಮಿಯರ್ಲ್ ಲೇಡರ್‌ಮನ್ ಯೂಕಲ್ಸ್ ಮಗು ಹುಟ್ಟಿದ ಮೇಲೆ, ದಿನವೆಲ್ಲ ತೊಳೆಯುವುದು ಒರೆಸುವುದರಲ್ಲೇ ಹೋಗುತ್ತಿದ್ದುದನ್ನು ಕಂಡು, 1969ರಲ್ಲಿ 'ನಿರ್ವಹಣೆಯ ಕಲೆ'ಗೊಂದು ಪ್ರಣಾಳಿಕೆ ಬರೆದರು. 1973ರಲ್ಲಿ ಹಾರ್ಟ್‌ಫರ್ಡ್ ನಗರದ ಮ್ಯೂಸಿಯಮ್ಮಿನ ಮೆಟ್ಟಿಲುಗಳನ್ನೂ ಒಳಗಿನ ನೆಲವನ್ನೂ ಗಂಟೆಗಟ್ಟಲೆ ಮಂಡಿಯೂರಿ ತೊಳೆದರು. ಅದೇ ಕೃತಿ. ನೋಡುವವರು ಯಾವ ನೆಲದ ಮೇಲೆ ನಿಂತು ಕಲೆ ನೋಡುತ್ತಾರೋ ಆ ನೆಲವನ್ನು ಯಾರೋ ದಿನವೂ ಒರೆಸುತ್ತಾರೆ ಎಂಬುದು ಅವತ್ತು ಕಾಣಿಸಿತು. ನಮ್ಮ ಲಾಬಿಯಲ್ಲಿ ಅದನ್ನು ತೋರಿಸಲು ಹೊರಗಿನಿಂದ ಕಲಾವಿದರನ್ನು ಕರೆಸುವ ಅಗತ್ಯವೂ ಇರಲಿಲ್ಲ. ರಾಯಚೂರಿನ ಅಕ್ಕ ಅಲ್ಲೇ ಒರೆಸುತ್ತಿದ್ದರು.

ಕೆಲಸವನ್ನೂ ಹೆಸರನ್ನೂ ಬೇರೆ ಮಾಡದ ಒಂದು ಕಾಲ ಕನ್ನಡಕ್ಕೇ ಇತ್ತು. ಹನ್ನೆರಡನೆಯ ಶತಮಾನದ ಶರಣೆಯರ ಹೆಸರು ನೋಡಿ: ಕೊಟ್ಟಣದ ಸೋಮಮ್ಮ, ಕದಿರ ರೆಮ್ಮವ್ವ. ಒಬ್ಬಾಕೆ ಭತ್ತ ಕುಟ್ಟುವವಳು, ಒಬ್ಬಾಕೆ ನೂಲುವವಳು. ಉಪಕರಣ ಹೆಸರಿನೊಳಗೇ ಇದೆ, ಮಾತೂ ಆ ಕೆಲಸದಿಂದಲೇ ಎದ್ದು ಬರುತ್ತದೆ. ಅಲ್ಲಿಂದ 1931ಕ್ಕೆ ಬನ್ನಿ. ಹಲಸಂಗಿಯ ಗೆಳೆಯರು 'ಗರತಿಯ ಹಾಡು' ತಂದರು. ಬೀಸುತ್ತ ಕುಟ್ಟುತ್ತ ಹೆಂಗಸರು ಹಾಡಿದ್ದು ಪುಸ್ತಕವಾಯಿತು, ಕನ್ನಡ ಸಾಹಿತ್ಯ ಅದಕ್ಕೆ ತಲೆಬಾಗಿತು. ಅದು ದೊಡ್ಡ ಕೆಲಸ, ಎರಡು ಮಾತಿಲ್ಲ. ಆದರೂ ಸಂಗ್ರಹಿಸಿದವರ ಹೆಸರು ನಮಗೆ ಬಾಯಿಪಾಠ, ಹಾಡಿದವರ ಹೆಸರು ಕೇಳಿದರೆ 'ಗರತಿ' ಎನ್ನುತ್ತೇವೆ. ಸೋಮಮ್ಮ 'ಗರತಿ'ಯಾದಳು, 'ಗರತಿ' ಈಗ 'ಅಜ್ಜಿಯ ಕೈತುತ್ತು' ಆಗಿದ್ದಾಳೆ. ಪ್ರತಿ ಮೆಟ್ಟಿಲಲ್ಲೂ ಒಂದಿಷ್ಟು ಹೆಸರು ಕಳಚಿ ಬಿದ್ದಿದೆ.

ಈ ಮೆಟ್ಟಿಲಲ್ಲಿ ನಾನೂ ನಿಂತಿದ್ದೇನೆ. ನನ್ನ ಪ್ರಬಂಧದಲ್ಲಿ ಅಜ್ಜಿ 'ಮಾಹಿತಿದಾರರು-7'. ನಿಯಮ ಹಾಗಿದೆ ಎಂದು ಗೈಡ್ ಹೇಳಿದರು, ನಾನೂ ಬರೆದೆ. ಅವಳ ರಟ್ಟೆ ನೋವು ಅಡಿಟಿಪ್ಪಣಿಗೆ ಹೋಯಿತು. ಹಾಗಾಗಿ ಲಾಬಿಯವರ ಕಡೆಗೆ ಬೆರಳು ತೋರಿಸುವಾಗ ಉಳಿದ ಬೆರಳು ಎತ್ತ ತಿರುಗಿವೆ ಎಂದು ನನಗೆ ಗೊತ್ತು.

ಇನ್ನು ನಾನು ಬಹಳ ಸಲ ಕೇಳಿದ ವಾದ: "ಹೋಗಲಿ ಬಿಡಿ, ಜಲ್ಲಿಯಾಗಿ ಹೋಗುವ ಕಲ್ಲು ಉಳಿಯಿತಲ್ಲ, ನಮ್ಮ ಮಕ್ಕಳು ನೋಡುತ್ತಾರಲ್ಲ." ಉಳಿಸುವುದು ತಪ್ಪಲ್ಲ. ರಾಮನಗರದ ಹತ್ತಿರ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕಕ್ಕೆ ಹೋಗಿ ಬಂದ ಮಗು ಇದು ಏನು, ಇದರಿಂದ ಏನು ಮಾಡುತ್ತಿದ್ದರು ಎಂದು ತಿಳಿದುಕೊಂಡು ಬರುತ್ತದೆ. ವಸ್ತುವಿನ ಜೊತೆ ಅದರ ಬದುಕೂ ಇರಲಿ ಎಂಬ ಆಸೆ ಅಲ್ಲಿದೆ. ಲಾಬಿಯಲ್ಲಿ ಮಗು ಏನು ಕಲಿಯುತ್ತದೆ? ಅಜ್ಜಿಯರ ಕಾಲ ಸುಂದರವಾಗಿತ್ತು ಎಂದು. ಕಲಿತು, ಮನೆಗೆ ಹೋಗಿ, ಅಡುಗೆಯಾಕೆ ಮಾಡಿಟ್ಟ ಚಪಾತಿ ತಿನ್ನುತ್ತದೆ. ಆಕೆ ಬೆಳಿಗ್ಗೆ ಬಂದದ್ದು ಸರ್ವಿಸ್ ಲಿಫ್ಟಿನಲ್ಲಿ. ಬಂದೊಡನೆ ಬಾಗಿಲ ಮುಂದೆ ಚುಕ್ಕಿಯಿಟ್ಟು ರಂಗೋಲಿ ಹಾಕಿದ್ದೂ ಆಕೆಯೇ. ಆ ರಂಗೋಲಿಯ ಫೋಟೋ ಮನೆಯವರ ಸ್ಟೇಟಸ್ಸಿನಲ್ಲಿರುತ್ತದೆ, 'ನಮ್ಮ ಸಂಸ್ಕೃತಿ' ಎಂಬ ಸಾಲಿನೊಂದಿಗೆ. ಮನೆಗೆಲಸದವರಿಗೆ ಕನಿಷ್ಠ ವೇತನ ನಿಗದಿ ಮಾಡಿ ಕರ್ನಾಟಕ 2004ರಲ್ಲೇ ಆದೇಶ ಹೊರಡಿಸಿತ್ತು. ಎಷ್ಟು ಫ್ಲಾಟುಗಳಲ್ಲಿ ಆ ಆದೇಶದ ಹೆಸರು ಕೇಳಿದ್ದಾರೆ, ನಿಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಒಮ್ಮೆ ವಿಚಾರಿಸಿ. ಪರಂಪರೆಯ ಬಗ್ಗೆ ಬರುವಷ್ಟು ಮೆಸೇಜು ಅದಕ್ಕೆ ಬರುವುದಿಲ್ಲ.

ನೆಲದ ಲೆಕ್ಕವೂ ಒಂದಿದೆ. 1978ರಲ್ಲಿ ಕಿಯೋನಿಕ್ಸ್ ಎಲೆಕ್ಟ್ರಾನಿಕ್ ಸಿಟಿಗೆ 332 ಎಕರೆ ಗುರುತು ಮಾಡಿದ್ದು ದೊಡ್ಡತೋಗೂರು, ಕೋನಪ್ಪನ ಅಗ್ರಹಾರಗಳ ನೆಲದಲ್ಲಿ. ವೈಟ್‌ಫೀಲ್ಡಿನ ಗಾಜಿನ ಕಟ್ಟಡಗಳ ಸಂದಿಯಲ್ಲಿ ಇಮ್ಮಡಿಹಳ್ಳಿ, ನಲ್ಲೂರಹಳ್ಳಿ, ಹಗದೂರುಗಳಿವೆ. ಆ ಊರುಗಳ ಹಿತ್ತಲಲ್ಲಿ ಇಂಥ ಕಲ್ಲುಗಳು ಇನ್ನೂ ಬಿದ್ದಿವೆ, ಅದನ್ನು ಬೀಸಿದ ಅಜ್ಜಿಯರೂ ಇದ್ದಾರೆ. ಕಲ್ಲಿಗೆ ಲಾಬಿಯಲ್ಲಿ ಜಾಗ ಸಿಗುತ್ತದೆ. ಅಜ್ಜಿ ಬಂದರೆ ಗೇಟಿನಲ್ಲೇ ಐಡಿ ಕಾರ್ಡ್ ಕೇಳುತ್ತಾರೆ.

ಹಾಗಾದರೆ ಏನು ಮಾಡಬೇಕು ಎಂದರೆ ನನ್ನದು ದೊಡ್ಡ ಬೇಡಿಕೆಯೇನಲ್ಲ. ಕಲ್ಲನ್ನು ತಿರುಗುವಂತೆ ಇಡಿ. ಪಕ್ಕದಲ್ಲಿ ಒಂದು ಸೇರು ರಾಗಿ ಇಡಿ. ಯಾರು ಬೇಕಾದರೂ ಕೂತು ಹತ್ತು ನಿಮಿಷ ಬೀಸಲಿ, ಆಮೇಲೆ ಸೊಬಗಿನ ಮಾತಾಡಲಿ. ಕಲ್ಲು ಕಡಿಯುವವರು, ಮೊರ ಹೆಣೆಯುವವರು ಈ ಊರಲ್ಲೇ ಇದ್ದಾರೆ. ಹಳೆಯ ಮೊರ ಕೊಂಡು ಗೋಡೆಗೆ ಹೊಡೆಯುವ ಬದಲು ಅವರಿಂದ ಹೊಸದನ್ನು ಮಾಡಿಸಿ, ಕಲಾವಿದರಿಗೆ ಕೊಡುವ ದರ ಕೊಟ್ಟು, ಅವರ ಹೆಸರನ್ನು ಕಲಾವಿದರ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ಬರೆಯಿರಿ. ಫಲಕ ಬರೆಸುವ ಮೊದಲು ಆ ಕಟ್ಟಡದ ಹೌಸ್‌ಕೀಪಿಂಗಿನ ಹೆಂಗಸರನ್ನು ಕೂರಿಸಿ ಕೇಳಿ, ಕೇಳಿದ್ದಕ್ಕೆ ಸಂಭಾವನೆ ಕೊಡಿ. ನನಗೆ ಕೊಟ್ಟಿರಲ್ಲ, ಹಾಗೆ. ಇಷ್ಟನ್ನೂ ಮಾಡಲಾಗದಿದ್ದರೆ ಒರಳಿಗೆ ಕೈ ಹಾಕಬೇಡಿ, ಪ್ಲಾಸ್ಟಿಕ್ ಗಿಡ ಇಡಿ. ಅದರಲ್ಲಿ ಯಾರ ಬೆವರಿಗೂ ಅವಮಾನವಿಲ್ಲ.

ನಾನು ಆ ದುಡ್ಡನ್ನು ವಾಪಸ್ ಕೊಡಲಿಲ್ಲ ಎಂಬುದನ್ನೂ ಹೇಳಬೇಕು. ದಾಸರಹಳ್ಳಿಯ ಮನೆಯ ಎರಡು ತಿಂಗಳ ಬಾಡಿಗೆಗೆ ಸರಿಹೋಯಿತು. ಫಲಕದ ಕೆಳಗೆ 'ಕನ್ನಡ ಬರಹ' ಎಂದು ನನ್ನ ಹೆಸರೂ ಇದೆ, ನಾನು ಬರೆಯದ ಸಾಲುಗಳ ಕೆಳಗೆ. ಉದ್ಘಾಟನೆಯ ಸಂಜೆ ಹೋಗಿದ್ದೆ. ರಾಯಚೂರಿನ ಅಕ್ಕ ಕಾಣಲಿಲ್ಲ. ಕಾರ್ಯಕ್ರಮದ ಹೊತ್ತಿನಲ್ಲಿ ಹೌಸ್‌ಕೀಪಿಂಗಿನವರು ಲಾಬಿಯಲ್ಲಿ ಇರಬಾರದೆಂದು ಸೂಚನೆಯಿತ್ತಂತೆ. ಬೇಸ್‌ಮೆಂಟಿಗೆ ಇಳಿದು ಹುಡುಕಿದೆ. ಬಕೆಟ್ಟು, ಮಾಪು, ಪೊರಕೆಗಳ ನಡುವೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದರು.

"ಏನಾತ್ರಿ ಮೇಡಂ, ತಿರಗತದೇನು ಈಗ?"

ಇಲ್ಲ ಎಂದೆ. ನಕ್ಕರು. ತಮ್ಮ ಕಪ್ಪಿನಿಂದ ಅರ್ಧ ಚಹಾ ಇನ್ನೊಂದು ಕಪ್ಪಿಗೆ ಸುರಿದು ನನಗೆ ಕೊಟ್ಟರು. ಮೇಲೆ ಚಪ್ಪಾಳೆ ಕೇಳಿಸಿತು. ಹತ್ತು ನಿಮಿಷ ಬಿಟ್ಟು ಅವರಿಗೆ ಫೋನ್ ಬಂತು. ಕಾರ್ಯಕ್ರಮ ಮುಗಿದಿದೆ, ಹೂವು ಚೆಲ್ಲಿದೆ, ಬೇಗ ಬಂದು ಗುಡಿಸಿ ಎಂದು.